ಅರ್ಧ ನಿಮಿಷದ ಇರುವೆ

ದಿನಾ ನಾಲ್ಕೂವರೆಗೆ ನಾನು ಗಜನಿಯ ಕಟ್ಟೆ ಹತ್ತುತ್ತೇನೆ.
ಸಾಣಿಕಟ್ಟೆಯ ನಮ್ಮ ಕೇರಿಯಲ್ಲಿ ಫೋನಿಗೆ ಉಸಿರು ಬರುವುದು
ಅಲ್ಲೊಂದೇ ಕಡೆ, ತೂಬಿನ ಹಲಗೆಯ ಮೇಲೆ.
ಫೋನು ಆಗರದ ಕಾವಲಿನ ಹುಲಿಯಪ್ಪಣ್ಣನದು. ಕೈಗೆ ಕೊಡುವುದಿಲ್ಲ,
ಕಾರವಾರದಿಂದ ಕ್ಲೆರಿಟಾ ಮೇಡಂ ಕಳಿಸಿದ ನಾಲ್ಕು ಅಂಕಿ
ಓದಿ ಹೇಳುತ್ತಾನೆ: ಏಳು ಮೂರು ಸೊನ್ನೆ ಎರಡು.
ಅಂಗೈಲಿ ಬರೆದರೆ ಬೆವರು ತಿನ್ನುತ್ತದೆ.
ಬಿಸಿ ಗೆಣಸಿನ ಹಾಗೆ ಬಾಯಲ್ಲಿಟ್ಟುಕೊಂಡು ಓಡುತ್ತೇನೆ.
ದಾರಿಯಲ್ಲಿ ಯಾರು ಕರೆದರೂ ಓಗೊಡುವುದಿಲ್ಲ.
ಒಂದು ಅಂಕಿ ಉದುರಿದರೂ
ಪೆಟ್ಟಿಗೆ ಎಚ್ಚರಾಗುವುದಿಲ್ಲ.

ಬೂದು ಪೆಟ್ಟಿಗೆ, ಸಾಬೂನಿನ ಡಬ್ಬಿಯಷ್ಟು.
ಎರಡು ಸ್ಪಂಜು, ತಲೆಗೆ ಕಟ್ಟಲು ನೀಲಿ ಪಟ್ಟಿ.
ಸ್ಪಂಜು ಅದ್ದಲು ಬಾಟಲಿಯ ಉಪ್ಪುನೀರು,
ಗೋಕರ್ಣದ ಮೆಡಿಕಲ್ಲಿನಿಂದ ತಂದದ್ದು.
ಬೆಳಗಿನಿಂದ ಆಗರದಲ್ಲಿ ಉಪ್ಪು ಎಳೆದು
ಹಿಮ್ಮಡಿ ಬಿರಿದ ಅವ್ವಿ
ಬಾಟಲಿಯನ್ನು ಬೆಳಕಿಗೆ ಹಿಡಿದು ಅಂದಳು:
"ಉಪ್ಪುನೀರಿಗೂ ದುಡ್ಡು ಕೊಡೂದೇ? ನಮ್ಮನೇಲಿ?"
ತಲೆಗೆ ಎಣ್ಣೆ ಬೇಡ ಅಂದದ್ದಕ್ಕೆ ಅಜ್ಜಿ
ಎರಡು ದಿನ ಮೇಡಮ್ಮನ ಹೆಸರೆತ್ತಲಿಲ್ಲ.

ದರ್ಪಣನಿಗೆ ಏಳು. ಹುಟ್ಟಿದಾಗ ಅಳಲು ತಡಮಾಡಿದನಂತೆ.
ಎಡಗೈ ಇನ್ನೂ ಆ ದಿನವನ್ನೇ ಹಿಡಿದುಕೊಂಡಿದೆ,
ಹೆಬ್ಬೆರಳನ್ನು ಒಳಗೆ ಮುಚ್ಚಿ.
ಆಡುವ ಬಲಗೈಗೆ ಅಪ್ಪನ ಕಾಲುಚೀಲ ತೊಡಿಸುತ್ತೇವೆ.
ಬಳಚಿನ ಚಿಪ್ಪು ಹೆಕ್ಕಿ ಕರಟಕ್ಕೆ ಹಾಕುವ ಕೆಲಸ
ಎಡಗೈಗೇ. ಇಪ್ಪತ್ತು ನಿಮಿಷ.
ಹಸಿರು ದೀಪ ಹೊತ್ತಿದ್ದೇ ಹಣೆ ಸುಕ್ಕು ಮಾಡಿ
"ಇಉವೆ" ಅನ್ನುತ್ತಾನೆ.
ಇರುವೆ ಹರಿದಂತೆ ಆಗುತ್ತದೆ ಎಂದು ಮೇಡಮ್ಮೂ ಹೇಳಿದ್ದರು.
ಸ್ವಲ್ಪ ಹೊತ್ತಿಗೆ, "ಹೋತು."

ಮೊದಲ ದಿನ ಒಂದು ಚಿಪ್ಪು, ಅದೂ ಕರಟದ ಹೊರಗೆ.
ಹನ್ನೆರಡನೆಯ ದಿನ ಮೂರು.
ನಡುವೆ ಜ್ವರ. ಒಂದು ಸಲ ಅವನು ಕರಟವನ್ನೇ ಒದ್ದ.
ಕೊನೆಯ ವಾರ ಹನ್ನೊಂದು!
ಅವ್ವಿ ಎರಡೆರಡು ಸಲ ಎಣಿಸಿದಳು, ಉಪ್ಪಿನ ಚೀಲ ಎಣಿಸುವ ಹಾಗೆ.
ಬೊಮ್ಮಯ್ಯ ದೇವರಿಗೆ ಕಾಯಿ ಹೇಳಿಕೊಂಡಿದ್ದೆ
ಎಂದು ಅಜ್ಜಿ ಆಗ ಬಾಯಿ ಬಿಟ್ಟಳು.

ಆಮೇಲೆ ಕಾರವಾರಕ್ಕೆ ಕರೆಸಿದರು.
ಮೇಡಂ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.
ಚೀಟಿ ಎತ್ತಿ ಮಕ್ಕಳನ್ನು ಎರಡು ಪಾಲು ಮಾಡಿದ್ದರಂತೆ.
ಒಂದು ಪಾಲಿಗೆ ಪೂರ್ತಿ ಕರೆಂಟು,
ಇನ್ನೊಂದಕ್ಕೆ ಅರ್ಧ ನಿಮಿಷ;
ಉಳಿದ ಹೊತ್ತು ದೀಪ ಸುಮ್ಮನೆ ಉರಿಯುವುದು.
ಯಾರಿಗೆ ಯಾವುದೆಂದು ಅವರಿಗೂ ಗೊತ್ತಿರಲಿಲ್ಲವಂತೆ.
ದರ್ಪಣನದು
ಸುಮ್ಮನೆ ಉರಿದ ದೀಪ.

ರುಜು ಹಾಕಿದ ಕಾಗದದಲ್ಲಿ ಈ ಮಾತು ಇತ್ತು.
ಅವ್ವಿಗೆ ಓದಿ ಹೇಳಿದವಳು ನಾನೇ.
ಆ ಸಾಲನ್ನು ಬೇಗ ಓದಿದ್ದೆ.

ಅವ್ವಿ ಅಳಲಿಲ್ಲ.
"ಹಾಗಾರೆ ಈಗ ಖರೇದು ಕೊಡಿ" ಅಂದಳು,
ಬಾಕಿ ಕೂಲಿ ಕೇಳುವ ದನಿಯಲ್ಲಿ.
ಮೇಡಂ ಕೊಡುತ್ತೇವೆ ಅಂದರು, ಅದೂ ಕಾಗದದಲ್ಲಿ ಇತ್ತಂತೆ.
ಬಸ್ಸು ಅಂಕೋಲೆ ದಾಟುವವರೆಗೂ ನನಗೆ ಒಂದೇ ಯೋಚನೆ:
ಹನ್ನೊಂದು ಚಿಪ್ಪು ಹೆಕ್ಕಿದ್ದು ಹಾಗಾದರೆ ಯಾರು?
ನನ್ನ ತೊಡೆಯ ಮೇಲೆ ಆ ಎಡಗೈ ನಿದ್ದೆ ಮಾಡುತ್ತಿತ್ತು,
ಹೆಬ್ಬೆರಳು ಅರ್ಧ ಹೊರಗೆ.

ಇವತ್ತು ಅದೇ ಪೆಟ್ಟಿಗೆ, ಅದೇ ಪಟ್ಟಿ.
ಐದು ಐದು ಒಂದು ಎಂಟು.
ಅರ್ಧ ನಿಮಿಷ ಆಯಿತು. ಒಂದಾಯಿತು.
ನಾವು ಮೂವರೂ ಅವನ ಬಾಯನ್ನೇ ನೋಡುತ್ತಿದ್ದೆವು.
"ಹೋತೇನೋ ತಮ್ಮಾ?" ಅಜ್ಜಿಗೆ ತಡೆಯಲಿಲ್ಲ.
ಚಿಪ್ಪು ಹಿಡಿದ ಕೈ ನಿಲ್ಲಿಸಿ, ತಲೆ ವಾಲಿಸಿ,
ದೂರದ ಬಸ್ಸಿನ ಸದ್ದು ಕೇಳುವವನ ಹಾಗೆ ಕೂತು
"ಅದೆ" ಅಂದ.
"ಇನ್ನೂ ಅದೆ."

ಕರಟಕ್ಕೆ ಬಿದ್ದದ್ದು ಆರೇ.
ಅವ್ವಿ ಚಾಪೆ ಕೊಡವಿ
ಏಳನೆಯದನ್ನು ಹುಡುಕುತ್ತಿದ್ದಳು.